ಗಾಜಿನ ಆಚೆಯ ಬೆರಳು

ಯುಗಾದಿಗೆ ಮುಂಚೆ ತುಕ್ಕಾನಟ್ಟಿಯಲ್ಲಿ ಗಾಳಿಯೆಲ್ಲ ಧೂಳು. ನಮ್ಮಲ್ಲಿ ಕಿಟಕಿ ಒರೆಸುವುದು ಇಬ್ಬರ ಕೆಲಸ: ಒಳಗೆ ನಾನು, ಹೊರಗೆ ನಾದಿನಿ ಕಸ್ತೂರಿ. ಕಲೆ ಉಳಿದಲ್ಲಿ ಒಬ್ಬರು ಬೆರಳಿನಿಂದ ಕುಟ್ಟಿ ತೋರಿಸಿದರೆ ಇನ್ನೊಬ್ಬರು ಒರೆಸಬೇಕು.

ಆ ಮಧ್ಯಾಹ್ನ ಕಸ್ತೂರಿಗಾಗಿ ಕಾಯದೆ ನಾನೇ ಒಳಗಿನಿಂದ ಶುರು ಮಾಡಿದ್ದೆ. ನನ್ನ ಹಿಂದೆ ತೊಟ್ಟಿಲಲ್ಲಿ ಮಗಳು ಶಿವಾನಿ ಮಲಗಿದ್ದಳು. ಧೂಳಿನಾಚೆ ಸೀರೆಯುಟ್ಟ ನೆರಳೊಂದು ಬಂದು ನಿಂತಿತು. ಗಾಜಿನ ಕೆಳಮೂಲೆಯಲ್ಲಿ ಟಕ್ ಟಕ್ ಎಂದು ಕುಟ್ಟಿತು. ಅಲ್ಲೊಂದು ಕಪ್ಪು ಕಲೆಯಿತ್ತು. ಒರೆಸಿದೆ, ಹೋಗಲಿಲ್ಲ. ಮತ್ತೆ ಅಲ್ಲೇ ಕುಟ್ಟಿತು. ಅಂಥ ಬಿಸಿಲಲ್ಲೂ ಗಾಜು ನೀರಿನ ಹರವಿಯಂತೆ ತಣ್ಣಗಿತ್ತು.

"ಹೊರಗ ಹತ್ತೇತೇನ ನೋಡ ಕಸ್ತೂರಿ, ನನ್ನ ಕಡಿಂದ ಹೋಗವಲ್ದು," ಎಂದೆ.

"ಯಾರ ಕೂಡ ಮಾತಾಡಾಕತ್ತೀರಿ ವೈನಿ?"

ದನಿ ಬಂದದ್ದು ನನ್ನ ಬೆನ್ನ ಹಿಂದಿನ ಬಾಗಿಲಿನಿಂದ. ಮೂಡಲಗಿ ಸಂತೆಯ ಚೀಲ ಇನ್ನೂ ಕಸ್ತೂರಿಯ ಕೈಯಲ್ಲೇ ಇತ್ತು.

ಇಬ್ಬರೂ ಹೊರಗೆ ಓಡಿದೆವು. ಯಾರೂ ಇರಲಿಲ್ಲ. ಗಾಜಿನ ಮೇಲೆ ಧೂಳು ಹಿಟ್ಟು ಚೆಲ್ಲಿದಂತೆ ಹಾಗೇ ಇತ್ತು, ಒಂದು ಬೆರಳಿನ ಗುರುತೂ ಇರಲಿಲ್ಲ. ಕಲೆಯ ನೇರಕ್ಕೆ ಒಳಗೆ ತೊಟ್ಟಿಲಿತ್ತು.

ಅವತ್ತೇ ತೊಟ್ಟಿಲನ್ನು ಎದುರಿನ ಮೂಲೆಗೆ ಸರಿಸಿದೆವು. ಬೆಳಿಗ್ಗೆ ನೋಡಿದರೆ ಕಲೆಯೂ ಗಾಜಿನ ಮೇಲೆ ಅತ್ತಲೇ ಸರಿದಿತ್ತು.

ಈಗ ಮಗಳನ್ನು ಅಡುಗೆಮನೆಯಲ್ಲಿ ಮಲಗಿಸುತ್ತೇನೆ. ಅಲ್ಲಿರುವುದು ಒಂದೇ ಸಣ್ಣ ಕಿಟಕಿ, ಒಲೆಯ ಪಕ್ಕದಲ್ಲೇ. ಇವತ್ತು ರೊಟ್ಟಿ ಸುಡುವಾಗ ಅದರ ಗಾಜಿಗೆ ಕೈ ತಾಗಿತು.

ತಣ್ಣಗಿತ್ತು.