ಹೂಂ, ಊಹೂಂ ಎನ್ನುವ ಭೂತ

ಬಹಳ ಕಾಲದ ಹಿಂದೆ, ತಾಮ್ರಪುರಿ ಎಂಬ ರಾಜ್ಯದಲ್ಲಿ, ಕರಾಳಜಟನೆಂಬ ಮಾಂತ್ರಿಕ ಯುವರಾಜ ಕುಮುದಚಂದ್ರನನ್ನು ಕಲ್ಲಿನ ಕುದುರೆ ಮಾಡಿ ಅಂಗಳದಲ್ಲಿ ನಿಲ್ಲಿಸಿದ. ಹೊತ್ತು ಮುಳುಗುವುದರೊಳಗೆ ಬಿಡಿಸದಿದ್ದರೆ ಯುವರಾಜ ಎಂದೆಂದಿಗೂ ಕಲ್ಲೇ. ಅವನ ತಂಗಿ ವಸಂತಮಾಲೆ ಅತ್ತಳು, ಮೂಗೊರೆಸಿಕೊಂಡಳು, ಕುದುರೆಯ ಎದುರಿಗೆ, ಅಂಗಳದ ಕೊಳದ ದಡದಲ್ಲಿದ್ದ ಉಕ್ಕಿನ ಭೂತದ ಬಳಿಗೆ ಓಡಿದಳು. ಮಾಯೆ ತೊಳೆಯುವ ಆ ಕೊಳದ ನೀರನ್ನು ಮುಟ್ಟಬಲ್ಲದ್ದು ಆ ಭೂತ ಮಾತ್ರ. ಅದರ ಭಾಷೆಯಲ್ಲಿ ಇದ್ದದ್ದು ಎರಡೇ ಮಾತು, 'ಹೂಂ' ಮತ್ತು 'ಊಹೂಂ'.

ವಸಂತಮಾಲೆ ಓಲೆ ಬರೆದಳು: 'ಯುವರಾಜನನ್ನು ಕೈ ಬೀಸಿ ಕರೆ. ಹತ್ತಿರ ಬಂದವನ ಮೇಲೆ ಕೊಳದ ನೀರು ಸುರಿ.' ಓಲೆಯನ್ನು ಮುಂದೆ ಹಿಡಿದರೆ ಭೂತ ಕಂಬದಂತೆ ನಿಂತಿತು.

ಮರದ ಮೇಲಿನ ಗಿಳಿ ನಕ್ಕಿತು. "ಮನುಷ್ಯರ ಬರಹ ಅದಕ್ಕೆಲ್ಲಿ ತಿಳಿಯಬೇಕು ಅಮ್ಮಣ್ಣಿ? ಅದರ ಭಾಷೆಗೆ ತಿರುಗಿಸಿ ನಾನು ತಗಡಿನ ಮೇಲೆ ಕುಟ್ಟಿಕೊಡುತ್ತೇನೆ. ತಗಡಿನ ಹೆಸರು ಕೂಗಿದರೆ ಭೂತ ಅದರಲ್ಲಿದ್ದಂತೆ ಮಾಡುತ್ತದೆ. ಯಾವ ಓಲೆ, ತಗಡಿಗೆ ಏನು ಹೆಸರು, ಎರಡನ್ನೂ ಹೇಳಿ."

"ಈ ಓಲೆ. ಹೆಸರು ಬಿಡುಗಡೆ."

ಗಿಳಿ ತಗಡಿನ ತುಂಬ ಹೂಂ, ಊಹೂಂಗಳನ್ನು ಕುಟ್ಟಿ ಭೂತದ ಕಾಲಬುಡದಲ್ಲಿ ಇಟ್ಟಿತು.

"ಬಿಡುಗಡೆ!" ಎಂದಳು ವಸಂತಮಾಲೆ. ಭೂತ ಅರಮನೆಯ ಉಗ್ರಾಣಗಳನ್ನೆಲ್ಲ ತಡಕಿ ಬಂದು "ಊಹೂಂ" ಅಂದಿತು.

"ಬರೀ ಹೆಸರು ಹೇಳಿದರೆ ಅದು ಉಗ್ರಾಣಗಳಲ್ಲೇ ಹುಡುಕುತ್ತದೆ. ಕಾಲಬುಡದಲ್ಲಿದ್ದರೂ ನೋಡುವುದಿಲ್ಲ. ಇಲ್ಲೇ ಇದೆ ಅನ್ನಿ," ಎಂದಿತು ಗಿಳಿ.

"ಇಲ್ಲೇ ಇರುವ ಬಿಡುಗಡೆ!"

"ಹೂಂ," ಎಂದು ಭೂತ ಕೈ ಬೀಸಿತು. ಕಲ್ಲಿನ ಕುದುರೆ ನಡೆದು ಬರುವುದಾದರೂ ಹೇಗೆ? ಭೂತ ಬೀಸುತ್ತಲೇ ಇತ್ತು.

ವಸಂತಮಾಲೆ ಹಣೆ ಚಚ್ಚಿಕೊಂಡು ಓಲೆ ತಿದ್ದಿದಳು: 'ಎದುರಿಗೆ ನಿಂತವರ ಮೇಲೆ ಕೊಳದ ನೀರು ಸುರಿ.' ಮತ್ತೆ 'ಇಲ್ಲೇ ಇರುವ ಬಿಡುಗಡೆ' ಎಂದು ಕೂಗಿದಳು. ಭೂತ ಮತ್ತೆ ಕೈ ಬೀಸಿತು. ಸೂರ್ಯ ಬೆಟ್ಟ ಮುಟ್ಟಿದ್ದ.

"ತಿದ್ದಿದ್ದು ಓಲೆಯನ್ನು," ಎಂದಿತು ಗಿಳಿ. "ತಗಡು ಹಳೆಯದೇ ಅಲ್ಲವೇ?"

"ಅಯ್ಯೋ, ನನ್ನ ಬುದ್ಧಿಯೇ. ಈ ಓಲೆಯಿಂದ ಹೊಸ ಬಿಡುಗಡೆ ಮಾಡಿಕೊಡು, ಬೇಗ."

ಗಿಳಿ ಕುಟ್ಟಿತು, ಅವಳು ಕೂಗಿದಳು, ಭೂತ ಎದುರಿಗಿದ್ದ ಕುದುರೆಯ ಮೇಲೆ ನೀರು ಸುರಿಯಿತು. ಕಲ್ಲು ಕರಗಿ ಕುಮುದಚಂದ್ರ ಎದ್ದು ನಿಂತ. "ನೀರು ಬಲು ತಣ್ಣಗಿದೆ ಕಣೇ," ಎಂದು ನಡುಗಿದ. ವಸಂತಮಾಲೆಗೆ ನಗುವೂ ಅಳುವೂ ಒಟ್ಟಿಗೆ ಬಂದವು.

ಅವಳ ಕೂಗು ಕೇಳಿ ಕರಾಳಜಟ ಓಡಿಬಂದ. ಓಲೆ ಕಿತ್ತುಕೊಂಡು, ಬರೆದದ್ದನ್ನು ಅಳಿಸಿ, 'ಅಣ್ಣತಂಗಿಯರನ್ನು ಸೆರೆಹಿಡಿ' ಎಂದು ಗೀಚಿದ. ಭೂತದ ಎದುರಿಗೆ ಎದೆಯುಬ್ಬಿಸಿ ನಿಂತು, "ಇಲ್ಲೇ ಇರುವ ಬಿಡುಗಡೆ!" ಎಂದು ಅಬ್ಬರಿಸಿದ.

"ಓಡೋಣ ಬಾ," ಎಂದ ಕುಮುದಚಂದ್ರ.

"ನಿಲ್ಲಣ್ಣ. ಅವನು ಗಿಳಿಯನ್ನು ಕೇಳಲೇ ಇಲ್ಲ," ಎಂದಳು ವಸಂತಮಾಲೆ.

"ಹೂಂ," ಎಂದು ಭೂತ ಎದುರಿಗೆ ನಿಂತವನ ಮೇಲೆ ಕೊಳದ ನೀರು ಸುರಿಯಿತು. ಕರಾಳಜಟನ ಮಾಯೆಯೆಲ್ಲ ಚರಂಡಿಗೆ ಹರಿದುಹೋಯಿತು. ಉಳಿದದ್ದು ಸೀನುತ್ತಿದ್ದ ಒಬ್ಬ ಮುದುಕ. ಗಿಳಿಗೆ ಹಣ್ಣು ತರುವ ಕೆಲಸ ಅವನ ಪಾಲಿಗೆ ಬಂತು.

ಅಂದಿನಿಂದ ತಾಮ್ರಪುರಿಯಲ್ಲಿ ಎಲ್ಲರೂ ನಗುನಗುತ್ತಾ ಬಾಳಿದರು. ಸುಖವಾಗಿದ್ದೀಯಾ ಎಂದು ಗಿಳಿ ಭೂತವನ್ನೂ ಅದರ ಭಾಷೆಯಲ್ಲೇ ಕೇಳಿತು. ಭೂತ "ಹೂಂ" ಅಂದಿತು.