ಕನ್ನಡಿಯ ಬುಡದ ಕಪ್ಪು ಕಲ್ಲು

ಬಹಳ ಹಿಂದೆ, ನಮ್ಮ ಮುತ್ತಜ್ಜಿಯ ಮುತ್ತಜ್ಜಿಗೂ ಹಲ್ಲು ಮೂಡಿರದ ಕಾಲದಲ್ಲಿ, ಮಿಂಚುಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಊರಿಗೊಂದು ಮಾತಾಡುವ ಕನ್ನಡಿ. ಕನ್ನಡಿಯಿಂದ ಕನ್ನಡಿಗೆ ಬೆಳ್ಳಿ ದಾರ. ರಾಜ ಅರಮನೆಯಲ್ಲಿ ಆಡಿದ್ದು ಎಲ್ಲ ಊರಿಗೂ ಕೇಳಿಸುತ್ತಿತ್ತು.

ಇದನ್ನು ಕಂಡು ಧೂಮಾಕ್ಷನೆಂಬ ಮಾಯಾವಿಗೆ ಹೊಟ್ಟೆ ಉರಿಯಿತು. ತನ್ನ ಕನ್ನಡಿಯಿಂದ ದಾರಕ್ಕೆ ಒಂದು ಹುಳ ಬಿಟ್ಟ. ಹುಳ ಹೊಕ್ಕ ಕನ್ನಡಿ ರಾಜನ ದನಿಯಲ್ಲೇ ಸುಳ್ಳು ಹೇಳುತ್ತಿತ್ತು!

ಹಿರಿಕೆರೆ ತುಂಬಿ ತುಳುಕುತ್ತಿತ್ತು. ಅದರ ತೂಬು ಕಾಯುವ ನೀರಗಂಟಿ ಬೋರಜ್ಜ ಕನ್ನಡಿ ಹೇಳಿದಂತೆ ನಡೆಯುವವನು. ‘ತೂಬು ಎತ್ತು’ ಎಂದು ಹುಳ ಅಂದರೆ ಕೆಳಗಿನ ಊರೇ ಮುಳುಗುತ್ತದೆ. ಕನ್ನಡಿ ಎರಕ ಹೊಯ್ಯುವ ನೀಲಾಜಿಯ ಮನೆ, ಅವಳ ಹಸುಗೂಸು ಇರುವುದು ಆ ಊರಲ್ಲೇ.

ನೀಲಾಜಿ ಪ್ರತಿ ಊರಿನ ಕನ್ನಡಿಯ ಬುಡಕ್ಕೂ ಕಪ್ಪು ಕಲ್ಲೊಂದನ್ನು ಎರಕ ಹೊಯ್ದು ಕೂರಿಸಿದಳು. ಆ ಕಲ್ಲಿಗೆ ಸುಳ್ಳು ಬರುವುದಿಲ್ಲ. ಬೆಳಗ್ಗೆ ಕನ್ನಡಿ ಕಣ್ಣು ಬಿಡುವ ಮೊದಲು ಅದು ಚೌಕಟ್ಟನ್ನು ತೂಗುತ್ತಿತ್ತು, ಆಮೇಲೆ ಹೊಳಪನ್ನು, ಕೊನೆಗೆ ದನಿಯನ್ನು.

“ಅಜ್ಜಾ, ಕಲ್ಲನ್ನು ತೂಕ ಕೇಳದೆ ತೂಬು ಮುಟ್ಟಬೇಡ. ಕೇಳುವಾಗ ದಿನಕ್ಕೊಂದು ಹೊಸ ಹೂವಿನ ಹೆಸರು ಹೇಳು. ಕಲ್ಲು ಅದನ್ನೂ ಸೇರಿಸಿ ಉತ್ತರ ಕೊಡಬೇಕು,” ಎಂದಳು.

“ಹೂವು ಯಾಕೆ ತಾಯಿ?”

“ನಿನ್ನೆಯ ಉತ್ತರ ಇವತ್ತು ನಡೀಬಾರದು, ಅದಕ್ಕೆ.”

ಮೊದಲ ಸಲ ಹುಳ ಹಿರಿಕೆರೆಯ ಕನ್ನಡಿಗೆ ಸುಮ್ಮನೆ ನುಗ್ಗಿತು. “ಸಂಪಿಗೆ. ಒಂದು ಗುಲಗಂಜಿ ಹೆಚ್ಚು,” ಎಂದಿತು ಕಲ್ಲು. ನೀಲಾಜಿ ಕನ್ನಡಿ ಉಜ್ಜಿ ಹುಳವನ್ನು ಓಡಿಸಿದಳು.

ಎರಡನೇ ಸಲ ಹುಳ ತನ್ನ ತೂಕದಷ್ಟೇ ಹೊಳಪು ಕೆರೆದು ತಿಂದು ದನಿಯಲ್ಲಿ ಕೂತಿತು. ಎಂಥ ಕಳ್ಳ ನೋಡಿ! “ಸಂಪಿಗೆ. ಹೊಳಪು ಕಡಿಮೆ, ದನಿ ಹೆಚ್ಚು,” ಎಂದಿತು ಕಲ್ಲು. ಮತ್ತೆ ಉಜ್ಜಿದಳು.

ಆಮೇಲೆ ಎಂಟು ದಿನ “ಸಂಪಿಗೆ. ತೂಕ ಸರಿ” ಎಂದೇ ಉತ್ತರ. ಹುಳ ದಾರದಲ್ಲಿ ಕೂತು ಕದ್ದು ಕೇಳುತ್ತಿತ್ತು.

ಮೂರನೇ ಸಲ ಅದು ಬಂದು ಕಲ್ಲಿನ ಬಾಯಿ ಮುಚ್ಚಿತು. ಅಜ್ಜ ಕೇಳಿದ. “ಸಂಪಿಗೆ. ತೂಕ ಸರಿ,” ಎಂದಿತು ಕನ್ನಡಿ. ಹಿಂದೆಯೇ ರಾಜನ ದನಿ: “ಬೋರಾ, ತೂಬು ಎತ್ತು!” ಅಜ್ಜ ತೂಬಿಗೆ ಕೈ ಹಾಕಿದ.

ಕನ್ನಡಿ ಒರೆಸಲು ಬಂದ ನೀಲಾಜಿ ಅದನ್ನು ಕಂಡು ಓಡಿದಳು. “ನಿಲ್ಲಜ್ಜಾ! ಯಾವ ಹೂವು ಹೇಳಿದೆ?”

“ಸಂಪಿಗೆ. ದಿನಾ ಅದೇ. ನನ್ನ ಹೆಂಡ್ತಿ ಮುಡೀತಿದ್ದಳಲ್ಲ... ಅವಳು ಹೋದ ಮೇಲೆ ಆ ಹೆಸರು ಇನ್ನೊಬ್ಬರ ಬಾಯಲ್ಲಿ ಕೇಳೋಕೆ ಆಸೆ ಕಣವ್ವ.”

“ಅಯ್ಯೋ ಅಜ್ಜಾ! ಬೇರೆ ಹೂವು ಹೇಳು!”

“ತುಂಬೆ,” ಎಂದ ಅಜ್ಜ.

“ಸಂಪಿಗೆ. ತೂಕ ಸರಿ,” ಎಂದಿತು ಕನ್ನಡಿ.

ಅಜ್ಜ ತೂಬಿನಿಂದ ಕೈ ತೆಗೆದ. ನೀಲಾಜಿ ಉಜ್ಜಿದ ರಭಸಕ್ಕೆ ಹುಳ ದಾರ ಹಿಡಿದು ಓಡಿತು. ಎಲ್ಲ ಕನ್ನಡಿಗಳೂ ತಮ್ಮ ಕಲ್ಲನ್ನು ತೂಕ ಕೇಳಿ ಹುಳಕ್ಕೆ ಬಾಗಿಲು ಹಾಕಿದವು. ಕಲ್ಲಿಲ್ಲದ ಕನ್ನಡಿ ಉಳಿದದ್ದು ಒಂದೇ, ಧೂಮಾಕ್ಷನದು. ಹುಳ ಅದರೊಳಗೆ ಹೊಕ್ಕು, ರಾಜನ ದನಿಯಲ್ಲೇ, “ಬಾ, ಸಿಂಹಾಸನ ನಿನ್ನದೇ, ಪಡುವಣಕ್ಕೆ ನಡಿ,” ಎಂದಿತು. ಅವನು ಹೊರಟ. ಇನ್ನೂ ನಡೆಯುತ್ತಲೇ ಇದ್ದಾನಂತೆ.

ಮಿಂಚುಗಿರಿಯವರು ಉಂಡುಟ್ಟು ಸುಖವಾಗಿದ್ದರು. ಬೋರಜ್ಜ ದಿನಕ್ಕೊಂದು ಹೊಸ ಹೂವು ಹೇಳಿ ತೂಕ ಕೇಳುತ್ತಿದ್ದ. ಸಂಪಿಗೆಯನ್ನು ಮಾತ್ರ ಮತ್ತೆಂದೂ ಕನ್ನಡಿಗೆ ಹೇಳಲಿಲ್ಲ. ಸಂಜೆ ನೀಲಾಜಿಯ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು, ಆ ಹೆಸರು ಹೇಳಿಕೊಡುತ್ತಿದ್ದ.