ಹೊಸ ತೆನೆ ಮನೆಯವರಿಗೆ ಮಾತ್ರ

"ನನಗೆ ಮೂವತ್ತೊಂದು. ಕೆಲಸ ಎಲೆಕ್ಟ್ರಿಷಿಯನ್. ಆಸ್ಟ್ರೇಲಿಯಾದ ಪಿಆರ್ ಆಗಿದೆ. ಕುಡಿಯುವುದು ಕ್ರಿಸ್ಮಸ್‌ಗೆ ಮಾತ್ರ. ಮತ್ತೆ ಎಂತ ಕೇಳ್ಲಿಕ್ಕುಂಟು, ಕೇಳಿ."

ಫೋನಿನ ಈ ತುದಿಯಲ್ಲಿ ಮಹಾಶ್ವೇತಾ ಬೆಪ್ಪಾಗಿ ಕೂತಳು. ಅವಳು ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳಿ, ಓಲ್ವಿನ್ ಲೋಬೋ ಅವರೇನು ಮಾತಾಡುವುದು ಎಂದು ಕೇಳಿದ್ದಷ್ಟೇ. ಆ ಮನುಷ್ಯ ಕನ್ನಡದಲ್ಲಿ ಜಾತಕವನ್ನೇ ಬಿಚ್ಚಿಟ್ಟಿದ್ದ.

"ನಾ ಯಾರು ಅನ್ಕೊಂಡೀರಿ ನೀವು?" ಎಂದಳು. ಗಾಬರಿಯಾದಾಗ ಅವಳ ಬಾಯಿಗೆ ಧಾರವಾಡವೇ ಬರುವುದು.

"ನನ್ನ ಚಿಕ್ಕಮ್ಮ, ಎಮಿಲಿಯಾನಾ ಮೌಶಿ, ಮದುವೆಗೆ ಹೇಳಿದ ಹುಡುಗಿ ಅಲ್ವಾ? ಇವತ್ತು ಫೋನ್ ಮಾಡ್ತಾಳೆ, ಕೊಂಕಣಿ ಅಷ್ಟಕ್ಕಷ್ಟೆ, ಕನ್ನಡದಲ್ಲಿ ಮಾತಾಡು ಅಂದಿದ್ರು."

"ನಾ ಕುದುರಿ ಜ್ವರದ ಆಫೀಸಿನಿಂದ ಮಾತಾಡಾಕತ್ತೀನ್ರಿ. ರೌಸ್ ಹಿಲ್ ಕಡೆ ಒಂದು ಪ್ರಾಪರ್ಟಿಯೊಳಗ ನೀವು ಕರೆಂಟ್ ಬೇಲಿ ರಿಪೇರಿ ಮಾಡೀರಿ. ಅಲ್ಲಿ ಕುದುರಿಗೆ ಜ್ವರ ಬಂದೈತಿ. ನೀವು ಕುದುರಿ ಮುಟ್ಟೀರೇನು?"

"ಅಯ್ಯೋ ದೇವರೇ," ಎಂದ ಓಲ್ವಿನ್. ಮಹಾಶ್ವೇತಾ ರಿಸೀವರಿಗೆ ಕೈ ಅಡ್ಡ ಹಿಡಿದು ನಕ್ಕಳು.

ಅದು ಎರಡು ಸಾವಿರದ ಏಳರ ಸೆಪ್ಟೆಂಬರ್. ಸಿಡ್ನಿಯ ಸುತ್ತಮುತ್ತ ಕುದುರೆಗಳೆಲ್ಲ ಕೆಮ್ಮುತ್ತಿದ್ದವು. ರೇಸು ನಿಂತಿತ್ತು, ಕುದುರೆಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವಂತಿರಲಿಲ್ಲ. ಈ ಇನ್‌ಫ್ಲುಯೆಂಜಾ ಮನುಷ್ಯರಿಗೆ ಬಾಧಿಸುವುದಿಲ್ಲ, ಆದರೆ ಅದನ್ನು ಹೊತ್ತು ತಿರುಗುವುದು ಮನುಷ್ಯರೇ. ಕುದುರೆಯ ಮೂಗು ಸವರಿದ ಕೈ, ಅದು ಸೀನಿದ ಅಂಗಿ, ಮೆಟ್ಟಿದ ಬೂಟು, ಇಷ್ಟು ಸಾಕು. ಬೀದರಿನಲ್ಲಿ ವೆಟರ್ನರಿ ಓದಿದ್ದ ಮಹಾಶ್ವೇತಾ ಇಲ್ಲಿಯ ಪರೀಕ್ಷೆ ಪಾಸಾಗುವ ತನಕ ಪ್ರಾಣಿಗೆ ಸೂಜಿ ಚುಚ್ಚುವಂತಿರಲಿಲ್ಲ. ಅದಕ್ಕೇ ಈ ಫೋನಿನ ಕೆಲಸ. ರೋಗ ಬಂದ ಕಡೆ ಯಾರು ಹೋಗಿದ್ದರು, ಏನು ಮುಟ್ಟಿದರು, ಅಲ್ಲಿಂದ ಎಲ್ಲಿಗೆ ಹೋದರು ಎಂದು ದಿನವಿಡೀ ಜನರ ಹಿಂದೆ ಬೀಳುವುದು.

"ಅಲ್ಲಿಂದ ಏನರ ತಂದೀರೇನು? ಹಗ್ಗ, ಬಕೆಟ್, ಒಣಹುಲ್ಲು?"

"ಒಂದು ಹುಲ್ಲುಕಡ್ಡಿಯೂ ತರಲಿಲ್ಲ. ನನಗೂ ಸ್ವಲ್ಪ ಕೆಮ್ಮು ಉಂಟು. ಮೂಗಿಗೆ ಕಡ್ಡಿ ಹಾಕಿ ಸ್ವ್ಯಾಬ್ ತಗೊಳ್ತೀರಾ?"

"ನೀವು ಕುದುರಿ ಆಗಿದ್ರ ತಗೋತಿದ್ದೆ."

ಕುದುರೆ ಇರುವ ಕಡೆ ಸದ್ಯ ಕಾಲಿಡಬಾರದು ಎಂದು ಅವನಿಗೆ ತಾಕೀತಾಯಿತು. ಇಟ್ಟಿಲ್ಲ ತಾನೇ ಎಂದು ಅವಳು ದಿನಾ ಸಂಜೆ ಫೋನ್ ಮಾಡಿ ಕೇಳಬೇಕಿತ್ತು. ಬೇರೆಯವರ ಜೊತೆ ಎರಡು ಮಾತಿನಲ್ಲಿ ಮುಗಿಯುವ ಕೆಲಸ ಓಲ್ವಿನ್ ಜೊತೆ ಮಾತ್ರ ಮುಗಿಯಲೊಲ್ಲದು. ಅವಳು ಅವನ ನಂಬರನ್ನು ಕೊನೆಗೆ ಉಳಿಸಿಕೊಳ್ಳತೊಡಗಿದಳು. ಇದು ಕೆಲಸದ ಅನುಕೂಲಕ್ಕೆ ಎಂದು ತನಗೆ ತಾನೇ ಹೇಳಿಕೊಂಡಳು, ನಂಬಲಿಲ್ಲ.

"ಇವತ್ತು ಯಾರನ್ನ ಭೆಟ್ಟಿಯಾದ್ರಿ?"

"ಮೌಶಿಯನ್ನು. ನಿಮ್ಮ ವಿಷಯ ಹೇಳಿದೆ."

"ಏನಂತ?"

"ಒಬ್ಬರು ದಿನಾ ಫೋನ್ ಮಾಡಿ ನಾನು ಎಲ್ಲಿ ಹೋದೆ, ಯಾರನ್ನು ಮುಟ್ಟಿದೆ ಅಂತ ಕೇಳ್ತಾರೆ ಅಂತ. ಮದುವೆಯಾದ ಮೇಲೂ ಅಷ್ಟು ಕೇಳುವವರಿಲ್ಲ ಅಂದ್ರು."

ಮಹಾಶ್ವೇತಾ ಮುಂದಿನ ಪ್ರಶ್ನೆಗೆ ಹೋದಳು. ಅವಳ ಕಿವಿ ಬಿಸಿಯಾಗಿತ್ತು.

ಅವನೇ ಹಬ್ಬದ ಸುದ್ದಿ ತೆಗೆದ. ಮೇರಿ ಮಾತೆ ಹುಟ್ಟಿದ ದಿನ, ಮೊಂತಿ ಫೆಸ್ತ್. ಟೂಂಗಾಬಿಯ ಸಭಾಂಗಣದಲ್ಲಿ ಭಾನುವಾರ ಮಂಗಳೂರಿನವರೆಲ್ಲ ಸೇರುತ್ತಾರೆ. ಮಕ್ಕಳು ಹೂವು ಹಾಕುತ್ತಾರೆ, ಫಾದರ್ ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೊಂದರಂತೆ ಕೊಡುತ್ತಾರೆ.

"ಮನೆಗೆ ತಂದು, ಕಾಳು ಬಿಡಿಸಿ ಅರೆದು, ತೆಂಗಿನ ಹಾಲಿಗೆ ಹಾಕಿ ಕುಡಿಯುವುದು. ಅದು ಮನೆಯವರಿಗೆ ಮಾತ್ರ. ಹೊರಗಿನವರಿಗೆ ಊಟ ಉಂಟು, ಹಾಲು ಇಲ್ಲ. ಮತ್ತೆ ಅವತ್ತು ಮೀನಿಲ್ಲ, ಮಾಂಸ ಇಲ್ಲ, ಬರೀ ತರಕಾರಿ."

"ನಿಮ್ಮ ಹಬ್ಬ ನನ್ನ ಸಲುವಾಗೇ ಮಾಡಿದಂಗೈತಿ ಬಿಡ್ರಿ."

"ಹಾಗಾದರೆ ಬನ್ನಿ," ಎಂದ ಅವನು, ಫಕ್ಕನೆ ಮೆತ್ತಗಾಗಿ. "ನಿಮ್ಮನ್ನೊಮ್ಮೆ ನೋಡಬೇಕು ಅಂತ ಉಂಟು."

ಸಿಡ್ನಿಯಲ್ಲಿ ಭತ್ತದ ತೆನೆ ಎಲ್ಲಿಂದ ತರುತ್ತೀರಿ ಎಂದು ಅವಳು ಆಗಲೇ ಕೇಳಬೇಕಿತ್ತು. ಇಡೀ ವಾರ ಊರಿಗೆಲ್ಲ ಪ್ರಶ್ನೆ ಹಾಕಿದವಳು ಬೇಕಾದ ಒಂದನ್ನು ಮರೆತು, ಯಾವ ಸೀರೆ ಉಡಲಿ ಎಂದು ಯೋಚಿಸುತ್ತಿದ್ದಳು.

ಭಾನುವಾರ ಇಳಕಲ್ ಸೀರೆ ಉಟ್ಟು ಹೋದಳು. ಸಭಾಂಗಣದ ಬಾಗಿಲಲ್ಲಿ ನಿಂತಿದ್ದ ಓಲ್ವಿನ್‌ನ ಕಿವಿ ಸ್ವಲ್ಪ ಅಗಲ, ಶರ್ಟಿಗೆ ಇಸ್ತ್ರಿ ಮಾಡಿದ ಬಿಸಿ ಇನ್ನೂ ಆರಿರಲಿಲ್ಲ. ಅವನು ಅವಳ ಸೆರಗಿನ ಅಂಚು ನೋಡಿದ, ಮುಖ ನೋಡಿದ, ನೆಲ ನೋಡಿದ.

"ಇವತ್ತು ಯಾರನ್ನ ಭೆಟ್ಟಿಯಾದ್ರಿ?" ಎಂದಳು ಮಹಾಶ್ವೇತಾ.

"ಈಗ ಆಗ್ತಾ ಇದ್ದೇನೆ," ಎಂದ.

ಪೂಜೆ ಮುಗಿದು, ತೆನೆ ಹಂಚಿಯಾಗಿ, ಎಮಿಲಿಯಾನಾ ಮೌಶಿ ಉಳಿದದ್ದರ ಬುಟ್ಟಿ ಹಿಡಿದು ಬಂದರು. ದೊಡ್ಡ ಕನ್ನಡಕದ, ಗಟ್ಟಿ ದನಿಯ ಹೆಂಗಸು. ಮಹಾಶ್ವೇತಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಓ, ಕುದುರೆಯ ಹುಡುಗಿ ನೀನೇಯಾ!" ಎಂದು ನಕ್ಕರು. ಮಹಾಶ್ವೇತಾಳ ಕಣ್ಣು ಬುಟ್ಟಿಯ ಮೇಲಿತ್ತು. ಸಡಿಲವಾಗಿ ಜೋತ ಹಸಿರು ತೆನೆ. ಅದು ಭತ್ತವಲ್ಲ, ಓಟ್ಸ್. ಕುದುರೆಯ ಮೇವಿಗೆ ಬೆಳೆಯುವ ಓಟ್ಸ್.

"ಇದು ಎಲ್ಲಿಂದು?" ಎಂದು ಓಲ್ವಿನ್‌ನನ್ನು ಕೇಳಿದಳು.

"ರೌಸ್ ಹಿಲ್‌ನದ್ದು. ಬೇಲಿ ಕೆಲಸ ಮುಗಿದ ಮೇಲೆ ಆ ಯಜಮಾನರೇ ಬೇಕಾದಷ್ಟು ಕೊಯ್ದುಕೋ ಅಂದರು. ಭತ್ತ ಇಲ್ಲಿ ಸಿಗುವುದಿಲ್ಲವಲ್ಲ. ಒಂದು ಕುದುರೆ ಬೇಲಿ ಮೇಲಿಂದ ತಲೆ ಹಾಕಿ ಅರ್ಧ ಕಟ್ಟು ಮೂಸಿತು, ಮೇಲಿಂದ ಸೀನಿತು ಬೇರೆ..." ಅವನ ಮಾತು ಅಲ್ಲಿಗೇ ನಿಂತಿತು.

"ಹುಲ್ಲು ತಂದೀರೇನು ಅಂತ ಕೇಳಿದ್ನಿ ನಾ."

"ಹುಲ್ಲು ಅಂತ ನನಗೆ ಹೊಳೀಲೇ ಇಲ್ಲ," ಎಂದ ಓಲ್ವಿನ್. "ಇದು ಮಾತೆಗೆ ಅಂತ ಕೊಯ್ದದ್ದು."

ಸುಳ್ಳಲ್ಲ ಅದು. ಅವಳ ಅವ್ವ ಬನ್ನಿ ಎಲೆ ತಂದರೂ ಯಾರೂ ಅದನ್ನು ಸೊಪ್ಪು ಎನ್ನುವುದಿಲ್ಲ. ಮೌಶಿ ಮಾತ್ರ ಏನೂ ತಿಳಿಯದೆ ಹೆಮ್ಮೆಯಿಂದ ಹೇಳುತ್ತಿದ್ದರು: ತೆನೆ ಬಾಡಬಾರದೆಂದು ಒದ್ದೆ ಬಟ್ಟೆ ಸುತ್ತಿ ಮನೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ತಂಪಾಗಿ ಇಟ್ಟಿದ್ದು, ಮಗ ಕೆಲ್ವಿನ್ ಮೆಲ್ಬರ್ನಿನಿಂದ ಬಂದವನು ಶುಕ್ರವಾರ ಒಂದು ಕಟ್ಟು ಅಲ್ಲಿಯ ತನ್ನೂರು ವೆರಿಬೀಗೆ ಒಯ್ದದ್ದು. ಒಣಗಿದರೆ ಬೇಗ ಸಾಯುವ ವೈರಸ್ಸಿಗೆ ಅವರು ಪ್ರೀತಿಯಿಂದ ಹಾಸಿಗೆ ಹಾಸಿದ್ದರು. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಈ ತನಕ ಒಂದು ಕುದುರೆಗೂ ಜ್ವರ ಬಂದಿರಲಿಲ್ಲ. ವೆರಿಬೀಯಲ್ಲಂತೂ ಎಲ್ಲಿ ನೋಡಿದರೂ ಕುದುರೆ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇದು ಅವಳಿಗೆ ಹೊಳೆಯಿತು, ಹೊಳೆದದ್ದಕ್ಕೆ ನಾಚಿಕೆಯೂ ಆಯಿತು. ಎದುರಿಗಿದ್ದವನ ಮೇಲೆ ಅವಳಿಗೆ ಮನಸ್ಸಾಗಿತ್ತು. ಇನ್ನು ಮುಂದೆ ಅವನು ತನ್ನ ಮುಖ ನೋಡುವುದಿಲ್ಲ ಎಂದುಕೊಂಡೇ ಹೇಳಿದಳು:

"ನಾ ಈಗ ಆಫೀಸಿಗೆ ಫೋನ್ ಮಾಡಬೇಕು. ನಿಮ್ಮ ಹೆಸರೂ ಹೇಳಬೇಕಾಗ್ತದ. ಈ ತೆನಿ ಯಾರೂ ಮನಿಗೆ ಒಯ್ಯಬಾರದು."

ಓಲ್ವಿನ್ ಸೀದಾ ಸ್ಟೇಜಿಗೆ ಹೋಗಿ ಮೈಕು ತೆಗೆದುಕೊಂಡ. ಕೊಂಕಣಿ ಅವಳಿಗೆ ತಿಳಿಯದು, ಆದರೆ ತಪ್ಪು ತನ್ನದೆಂದು ಅವನು ಎದೆ ಮುಟ್ಟಿಕೊಂಡು ಹೇಳಿದ್ದು ತಿಳಿಯಿತು. ಸಭಾಂಗಣದಲ್ಲಿ ಗುಜುಗುಜು ಎದ್ದಿತು. ಮೊದಲು ಫಾದರ್ ತಮ್ಮ ತೆನೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರು. ಆಮೇಲೆ ಒಬ್ಬೊಬ್ಬರೇ ಬಂದರು. ಕೊನೆಗೆ ಬಂದ ಮೌಶಿ ಬುಟ್ಟಿಯನ್ನೇ ಮಹಾಶ್ವೇತಾಳ ಕಾಲ ಬುಡದಲ್ಲಿಟ್ಟು, "ದೇವರ ತೆನೆಯನ್ನು ಕಸದ ಚೀಲಕ್ಕೆ ಹಾಕಿಸಿದೆಯಲ್ಲ, ಮಗಳೇ," ಎಂದು ಕಣ್ಣೊರೆಸಿಕೊಂಡರು. ಬೈದಿದ್ದರೆ ಮಹಾಶ್ವೇತಾ ತಡೆದುಕೊಳ್ಳುತ್ತಿದ್ದಳು.

ಓಲ್ವಿನ್ ವೆರಿಬೀಗೆ ಫೋನ್ ಮಾಡಿದ. ಕೆಲ್ವಿನ್‌ನ ಪುಟ್ಟ ಮಗಳು ಆನ್ ಮರಿಯಾ ಅದೇ ಬೆಳಿಗ್ಗೆ ಒಂದು ತೆನೆ ಕದ್ದೊಯ್ದು, ತಾನು ಸವಾರಿ ಕಲಿಯುವ ಕಡೆ ಇದ್ದ ಬಿಸ್ಕೆಟ್ ಎಂಬ ಗಿಡ್ಡ ಪೋನಿ ಕುದುರೆಗೆ ತಿನ್ನಿಸಿದ್ದಳು. ಬಿಸ್ಕೆಟ್ ಕೂಡ ಮನೆಯವನೇ ಎಂದು ಅವಳ ವಾದ.

ಅವತ್ತು ಮಹಾಶ್ವೇತಾ ಊಟ ಮಾಡದೆ ಬಂದಳು.

ಮರುದಿನ ಸಂಜೆ ಅವಳ ಮೊಬೈಲು ಬಡಿದುಕೊಂಡಿತು. ಫೋನ್ ಮಾಡಿದವನು ಓಲ್ವಿನ್; ಮೌಶಿಯನ್ನು ಕರೆದುಕೊಂಡು ವೆರಿಬೀಗೆ ಹೋಗಿ, ಕುದುರೆಗಳ ಕಡೆ ಸುಳಿಯದೆ ಕೆಲ್ವಿನ್ ಮನೆಯಲ್ಲೇ ಉಳಿದಿದ್ದ. ಹುಡುಗಿ ಅತ್ತು ಅತ್ತು ಜ್ವರ ಬರಿಸಿಕೊಂಡಿದ್ದಳು. ಪೋನಿಗಳಿದ್ದ ಜಾಗಕ್ಕೆ ಅಧಿಕಾರಿಗಳು ಬೀಗ ಹಾಕಿಸಿ, ಎಲ್ಲದರ ಮೂಗಿನಿಂದ ಸ್ವ್ಯಾಬ್ ತೆಗೆದುಕೊಂಡು ಹೋಗಿದ್ದರು.

"ಬಿಸ್ಕೆಟನ್ನು ಕೊಲ್ತಾರಾ? ಅವಳು ಕೇಳ್ತಿದ್ದಾಳೆ."

"ಇಲ್ರಿ. ಇದರಿಂದ ಕುದುರಿ ಸಾಯೂದು ಭಾಳ ಕಡಿಮಿ. ಹರಡೂದು ಜಾಸ್ತಿ. ಜ್ವರ ನೋಡ್ತಾರ, ಇನ್ನೊಮ್ಮೆ ಸ್ವ್ಯಾಬ್ ತಗೋತಾರ, ಅಷ್ಟ."

"ಸರಿ. ನನಗೆ ಸಿಟ್ಟು ಬಂದದ್ದು ಹೌದು. ಯಾರ ಮೇಲೆ ಅಂತ ಇನ್ನೂ ಗೊತ್ತಾಗಲಿಲ್ಲ," ಎಂದ.

"ಗೊತ್ತಾದ ಮ್ಯಾಲೆ ಹೇಳ್ರಿ," ಎಂದಳು ಮಹಾಶ್ವೇತಾ. ಫೋನಿಟ್ಟು ಅತ್ತಳು.

ಆಮೇಲೆ ದಿನಾ ಅವನೇ ಫೋನ್ ಮಾಡತೊಡಗಿದ. ಈಗ ಪ್ರಶ್ನೆ ಅವನದು. ಬಿಸ್ಕೆಟ್ ಕಡಿಮೆ ತಿಂದಿತಂತೆ, ಅದು ಕೆಟ್ಟದ್ದಾ? ಒಮ್ಮೆ ಸೀನಿತಂತೆ? ಧೂಳಿಗೂ ಸೀನುತ್ತದೆ ಎಂದು ಅವಳು ಸಮಾಧಾನ ಹೇಳುವಳು. ತನಗೇ ಸಮಾಧಾನ ಇರುತ್ತಿರಲಿಲ್ಲ. ಆ ಪೋನಿಗೆ ಜ್ವರ ಬಂದರೆ ಮೆಲ್ಬರ್ನಿನ ಕುದುರೆಗಳನ್ನೇ ನಂಬಿದವರ ಬಾಯಿಗೆಲ್ಲ ಮಣ್ಣು ಬೀಳುತ್ತಿತ್ತು. ಓಲ್ವಿನ್ ಅದನ್ನು ಜನ್ಮವಿಡೀ ಹೊರುತ್ತಿದ್ದ. ತನ್ನ ದನಿ ಕೇಳಿದಾಗಲೆಲ್ಲ ಅವನಿಗೆ ಅದೇ ನೆನಪಾಗುತ್ತಿತ್ತು. ಅವಳಿಗೆ ಹೆದರಿಕೆಯಿದ್ದದ್ದು ಇದಕ್ಕೇ.

ಎರಡನೇ ಸ್ವ್ಯಾಬಿನ ರಿಸಲ್ಟ್ ಆಫೀಸಿಗೆ ಬಂದ ಕೂಡಲೇ ಅವಳು ಕಾರಿಡಾರಿಗೆ ಓಡಿ ಫೋನ್ ಮಾಡಿದಳು.

"ನೆಗೆಟಿವ್, ಓಲ್ವಿನ್. ಎಲ್ಲಾ ಕುದುರಿನೂ ನೆಗೆಟಿವ್."

ಆ ಕಡೆ ಮಗುವಿನ ಕಿರುಚಾಟ, ಮೌಶಿಯ ಪ್ರಾರ್ಥನೆ, ಯಾರೋ ಪಾತ್ರೆ ಬೀಳಿಸಿದ ಸದ್ದು. ಗಲಾಟೆಯಿಂದ ದೂರ ಬಂದು ಅವನು ಕೇಳಿದ: "ಹಾಗಾದರೆ ನಾಳೆಯಿಂದ ನಮಗೆ ಫೋನ್ ಮಾಡ್ಲಿಕ್ಕೆ ಕಾರಣ ಇಲ್ಲ?"

"ಇಲ್ಲ."

"ಸಿಟ್ಟು ಯಾರ ಮೇಲೆ ಅಂತ ಗೊತ್ತಾಯ್ತು. ಅದನ್ನು ಫೋನಲ್ಲಿ ಹೇಳ್ಲಿಕ್ಕೆ ಆಗುವುದಿಲ್ಲ."

ಶನಿವಾರ ಅವಳು ಅಗ್ಗದ ಟಿಕೆಟ್ ಬುಕ್ ಮಾಡಿ ವೆರಿಬೀ ಹತ್ತಿರದ ಅವಲಾನ್ ಏರ್‌ಪೋರ್ಟಿನಲ್ಲಿ ಇಳಿದಳು. ಬಯಲಿನ ಗಾಳಿಗೆ ಕೂದಲು ಕೆದರಿತ್ತು. ಕೆಲ್ವಿನ್‌ನ ಕಾರಿಗೆ ಒರಗಿ ಓಲ್ವಿನ್ ನಿಂತಿದ್ದ, ಅದೇ ಶರ್ಟು, ಇಸ್ತ್ರಿ ಇಲ್ಲ.

"ಹೇಳ್ರಿ, ಯಾರ ಮ್ಯಾಲೆ?"

"ನನ್ನ ಮೇಲೆ. ಬೇಲಿ ರಿಪೇರಿಗೆ ಹೋದವನು ಎರಡು ಕಡೆಯೂ ನೋಡಬೇಕಿತ್ತು. ನೀವು ಅವತ್ತು ಸುಮ್ಮನಿದ್ದಿದ್ದರೆ ನನಗೆ ಯಾವತ್ತೂ ತಿಳೀತಿರಲಿಲ್ಲ. ಆದರೆ ನಿಮಗೆ ತಿಳಿದಿರ್ತಿತ್ತು. ಅಂಥದ್ದೊಂದು ಮನಸ್ಸಿನಲ್ಲಿಟ್ಟುಕೊಂಡು ನನ್ನ ಜೊತೆ ಮಾತಾಡುವವರು ನನಗೆ ಬೇಡ. ನೀವು ಬೇಕು."

ಮಹಾಶ್ವೇತಾ ಕೈ ಚಾಚಿದಳು. ಇಷ್ಟು ದಿನ ಯಾರು ಯಾರನ್ನು ಮುಟ್ಟಿದರು ಎಂದು ಕೇಳಿಕೊಂಡು ಬಂದವರು ಒಬ್ಬರನ್ನೊಬ್ಬರು ಮುಟ್ಟಿದ್ದು ಅದೇ ಮೊದಲು. ಅವನ ಅಂಗೈ ಒರಟಾಗಿತ್ತು, ಬೆಚ್ಚಗಿತ್ತು. ಪಾರ್ಕಿಂಗ್‌ನಲ್ಲಿ ಯಾರೋ ಹಾರ್ನ್ ಹೊಡೆಯುವ ತನಕ ಬಿಡಲಿಲ್ಲ.

ವೆರಿಬೀಯ ಮನೆಯಲ್ಲಿ ತಡವಾದ ಹಬ್ಬ ನಡೆದಿತ್ತು. ಮೇಜಿನ ಮೇಲೆ ಹೊಸ ಬಾರ್ಲಿ ತೆನೆ. ಮಹಾಶ್ವೇತಾ ಬಾಯಿ ತೆರೆಯುವ ಮೊದಲೇ ಮೌಶಿ ಕೈ ಎತ್ತಿ ತಡೆದರು.

"ತರಕಾರಿ ತೋಟದವನದ್ದು. ನಾನೇ ಹೋಗಿ ಕೇಳಿದ್ದೇನೆ. ಕುದುರೆ ಉಂಟಾ, ಪಕ್ಕದವರಿಗೆ ಉಂಟಾ, ಬೂಟು ಎಲ್ಲಿ ತೊಳೀತಿ, ಎಲ್ಲ. ಪಾಪ, ಅವನಿಗೆ ಬೆವರೇ ಬಂತು."

ತೆಂಗಿನ ಹಾಲು ತುಂಬಿದ ಪಾತ್ರೆ ಬಂತು. ಸಣ್ಣ ಬಟ್ಟಲುಗಳನ್ನು ಸಾಲಾಗಿ ಇಟ್ಟರು. ಮಹಾಶ್ವೇತಾಳಿಗೆ ಕಟ್ಟಳೆ ನೆನಪಿತ್ತು. ಮೆಲ್ಲಗೆ ಎದ್ದು ವರಾಂಡದ ಕಡೆ ಹೊರಟಳು.

"ಎಲ್ಲಿಗೆ?" ಎಂದರು ಮೌಶಿ, ಅವಳ ಕಡೆ ನೋಡದೆ ಸೌಟು ಆಡಿಸುತ್ತ.

"ಇದು ಮನಿಯವರಿಗೆ ಅಲ್ರಿ?"

"ಹೌದು. ಅದಕ್ಕೇ ಹೇಳುವುದು, ಕೂತುಕೋ." ಬಟ್ಟಲನ್ನು ಅವಳ ಕೈಗೇ ಕೊಟ್ಟರು.

ಆನ್ ಮರಿಯಾ ಜರುಗಿ ಜಾಗ ಬಿಟ್ಟಳು. ಮಹಾಶ್ವೇತಾ ಒಂದು ಗುಟುಕು ಕುಡಿದಳು. ಕಣ್ಣು ತುಂಬಿದ್ದಕ್ಕೋ, ಸರಿಯಾಗಿ ಬಿಡಿಸದ ಹೊಟ್ಟಿಗೋ, ಗಂಟಲು ಹಿಡಿದು ಕೆಮ್ಮು ಬಂತು.

ಮನೆಯವರೆಲ್ಲ ಬಟ್ಟಲು ಕೆಳಗಿಟ್ಟು ಅವಳನ್ನೇ ನೋಡಿದರು.

"ಸ್ವ್ಯಾಬ್ ತಗೊಳ್ಳುವುದಾ?" ಎಂದ ಓಲ್ವಿನ್, ಅವಳ ಬೆನ್ನು ತಟ್ಟುತ್ತ.